ತಲೆಕಟ್ಟಿಲ್ಲದ ಡೋ

“ಇನ್ನೊಂಚೂರು ಎಡಕ್ಕೆ,” ಎಂದ ಕಲ್ಲು ವಿಲ್. “ಎಡಕ್ಕೆ ಅಂದೆ ಕಣೋ ಗಿಟೊ. ಸುತ್ತಿಗೆ ಹಿಡಿಯೋ ಕೈ ಅಲ್ಲ, ಇನ್ನೊಂದು.”

“ನಾನು ಯಾವತ್ತಯ್ಯ ಸುತ್ತಿಗೆ ಹಿಡಿದಿದ್ದೆ?” ಎಂದ ಗಿಟೊ. ಆದರೂ ಎಡಕ್ಕೆ ತಳ್ಳಿದ.

ಪಿಯಾನೊ ಅರ್ಧ ಇಂಚು ಸರಿದು ನಿಂತಿತು. ಮೂವತ್ತು ವರ್ಷ ಒಂದೇ ಜಾಗದಲ್ಲಿ ಕೂತು ಅದರ ಹಿಂದಿನ ಗಾಲಿ ಹಲಗೆಯ ನೆಲದಲ್ಲಿ ಗುಳಿ ಮಾಡಿಕೊಂಡಿತ್ತು. ಒಳಗಡೆ ಲೇಸಾ ಪ್ಯಾರಿಯ ಶವಪೆಟ್ಟಿಗೆ, ಬಾಗಿಲಿಗೆ ಅಡ್ಡವಾಗಿ ಅವಳ ಪಿಯಾನೊ. ಮೊನ್ನೆ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸಂದಿಯಿಂದ ಒಳಗೆ ತಂದಿದ್ದರು. ಈಗ ಹಾಗೆ ನಿಲ್ಲಿಸುವಂತಿರಲಿಲ್ಲ. ಹನ್ನೊಂದು ಗಂಟೆಗೆ ಚಾಪೆಲ್ಲಿನಲ್ಲಿ ಪ್ರಾರ್ಥನೆ. ಹತ್ತೂಮುಕ್ಕಾಲಾಗಿತ್ತು.

“ಒಂದು, ಎರಡು,” ಎಂದು ವಿಲ್ ಎಣಿಸಿದ. ಮೂರಕ್ಕೆ ಗಾಲಿ ಗುಳಿಯಿಂದ ಎದ್ದಿತು. ಪಿಯಾನೊದ ಹೊಟ್ಟೆಯೊಳಗೆ ಎಲ್ಲ ತಂತಿಗಳೂ ಒಟ್ಟಿಗೆ ಗೊಣಗಿದವು. ಅದರ ಮೂಲೆ ತಗುಲಿ ಸ್ಟೂಲು ಉರುಳಿತು, ಮುಚ್ಚಳ ತೆರೆದು ಕಾಗದಗಳೆಲ್ಲ ನೆಲದ ಮೇಲೆ ಚೆಲ್ಲಿದವು.

ನೆಸ್ಟಾ ಮಂಡಿಯೂರಿ ಅವನ್ನು ಆರಿಸತೊಡಗಿದಳು. ಲೇಸಾಳ ಅಣ್ಣನ ಮಗಳು. ನಿನ್ನೆ ಸಂಜೆಯ ಬಸ್ಸಿಗೆ ಲಿವರ್‌ಪೂಲಿನಿಂದ ಬಂದಿದ್ದಳು. ಸತ್ತವಳಿಗೆ ಈಗ ಉಳಿದಿದ್ದ ಒಂದೇ ಸಂಬಂಧ.

“ಅಯ್ಯೋ, ‘ಮೇಲಿನ ಮನೆ’!” ಎಂದಳು. “ಅತ್ತೆ ಕೈಯಲ್ಲೇ ಬರೆದದ್ದು.”

ಗಿಟೊ ತಲೆ ಎತ್ತಲಿಲ್ಲ. ವಿಲ್ ಪಿಯಾನೊಗೆ ಬೆನ್ನು ಕೊಟ್ಟುಕೊಂಡೇ ಕತ್ತು ಚಾಚಿ ನೋಡಿದ. ‘ಮೇಲಿನ ಮನೆ’ ಗೊತ್ತಿಲ್ಲದವರು ಆ ಕಣಿವೆಯಲ್ಲಿ ಯಾರೂ ಇರಲಿಲ್ಲ. ಚಾಪೆಲ್ಲಿನ ಹಾಡುಗಳ ಪುಸ್ತಕದಲ್ಲಿ ನಾನೂರ ಹನ್ನೆರಡನೆಯದು. ಹಾಡಿನ ಧಾಟಿಗೆಲ್ಲ ಕಟ್ಟಿದವರೇ ಒಂದೊಂದು ಹೆಸರಿಡುತ್ತಾರೆ. ಲೇಸಾ ತಾನು ಹುಟ್ಟಿದ ಮನೆಯ ಹೆಸರನ್ನೇ ಇಟ್ಟಿದ್ದಳು. ಕಲ್ಲುಗಣಿಗಿಂತ ಮೇಲೆ, ಗುಡ್ಡದ ನೆತ್ತಿಯಲ್ಲಿ ಒಂಟಿಯಾಗಿದ್ದ ಮನೆ.

“ಇಲ್ಲಿ ಕೊನೇ ಸ್ವರ ಮೇಲಿದೆಯಲ್ಲ?” ಎಂದಳು ನೆಸ್ಟಾ. “ನಾವೆಲ್ಲ ಕೆಳಗಿಳಿದು ಮುಗಿಸ್ತೀವಿ.”

“ಗೆರೆ ಮೇಲೆ ಬರೆದದ್ದು ನನಗೆ ಓದೋಕೆ ಬರಲ್ಲಮ್ಮ,” ಎಂದ ವಿಲ್. “ಐದು ಗೆರೆ ನೋಡಿದ್ರೆ ತಂತಿ ಬೇಲಿ ಮೇಲೆ ಕಾಗೆ ಕೂತ ಹಾಗೆ ಕಾಣತ್ತೆ. ಅಕ್ಷರದಲ್ಲಿ ಏನಿದೆ ನೋಡು.”

“ಅಕ್ಷರದಲ್ಲೂ ಬರೆದಿದ್ದಾರೆ. ಅಲ್ಲೂ ಹಾಗೇ. ಡೋ ತಲೆ ಮೇಲೆ ಗೀಟಿದೆ. ಮೇಲಿನ ಡೋ.”

“ಅದು ಮೊದಲನೇ ಕರಡಿರಬೇಕು,” ಎಂದ ಗಿಟೊ. “ಆಮೇಲೆ ಬದಲಾಯಿಸಿರ್ತಾರೆ.”

ಅವನು ಹೇಳಿದ ಮೇಲೆ ಮುಗಿಯಿತು. ಗಿಟೊ ಎಲಿಸ್ ಮೂವತ್ತೈದು ವರ್ಷದಿಂದ ಚಾಪೆಲ್ಲಿನಲ್ಲಿ ಹಾಡು ಎತ್ತಿಕೊಡುವವನು. ಒಮ್ಮೆ ಕ್ರಿಸ್‌ಮಸ್ಸಿನ ದಿನ ಒಬ್ಬ ಹೆಂಗಸು ಫಾ ಬದಲು ಮೀ ಹಾಡಿದಳೆಂದು ಮುನ್ನೂರು ಜನರನ್ನು ನಿಲ್ಲಿಸಿ, “ದೇವರಿಗೂ ಕಿವಿ ಇದೆ,” ಎಂದಿದ್ದ. ಆ ಹೆಂಗಸು ಆಮೇಲೆ ಬೇರೆ ಚಾಪೆಲ್ಲಿಗೆ ಹೋಗತೊಡಗಿದಳು.

“ಬದಲಾಯಿಸಿದ್ರೆ ಒಳ್ಳೇದೇ ಆಯ್ತು,” ಎಂದ ವಿಲ್. “ಯಾಕಂದ್ರೆ ನಾನು ಕೆತ್ತಿ ಆಗಿದೆ. ಕಲ್ಲಿಗೆ ರಬ್ಬರ್ ಇಲ್ಲ.”

“ಯಾವ ಕಲ್ಲು?” ಎಂದ ಗಿಟೊ.

“ಅವರದ್ದೇ. ಹೋದ ಸೆಪ್ಟೆಂಬರಿನಲ್ಲಿ ತಾವೇ ನಡ್ಕೊಂಡು ಬಂದು ಹೇಳಿಹೋದ್ರು. ಹೆಸರು, ವರ್ಷ, ಕೆಳಗೆ ಹಾಡಿನ ಕೊನೇ ಸಾಲು. ಅಕ್ಷರದಲ್ಲೇ ಇರಲಿ, ಊರಿನವರು ಓದಬೇಕು ಅಂದ್ರು. ಪುಸ್ತಕದಲ್ಲಿ ಹ್ಯಾಗಿದೆಯೋ ಹಾಗೇ ಕೆತ್ತು ಅಂದ್ರು. ಬೆಳಿಗ್ಗೆ ತಂದು ಸ್ಮಶಾನದ ಗೋಡೆಗೆ ಒರಗಿಸಿದೀನಿ, ಮಣ್ಣು ಕೂತ ಮೇಲೆ ನಿಲ್ಲಿಸಬೇಕು. ಒಂದು ವಿಚಿತ್ರ ಕೇಳು. ಕೊನೇ ಡೋ ಇದೆಯಲ್ಲ, ಅದರ ತಲೆ ಮೇಲೆ ಒಂದು ಬಾರ್ಲಿ ಕಾಳು ಕೂರೋವಷ್ಟು ಜಾಗ ಬಿಡು ಅಂದ್ರು. ಯಾಕೆ ಮಿಸ್ ಪ್ಯಾರಿ ಅಂದೆ. ‘ಬೇಕಾಗಬಹುದು’ ಅಂದ್ರು. ಜಾಗ ಬಿಟ್ಟಿದಾನೋ ಇಲ್ವೋ ಅಂತ ಎರಡು ಸಲ ಬಂದು ನೋಡ್ಕೊಂಡೂ ಹೋದ್ರು. ವಯಸ್ಸಾಯ್ತು, ಪಾಪ.”

ಗಿಟೊ ಪಿಯಾನೊದ ಮೂಲೆಯಿಂದ ಕೈ ತೆಗೆದ.

“ಏಯ್, ಬಿಡಬೇಡ್ವೋ!” ಎಂದು ವಿಲ್ ಕೂಗಿದ. “ನನ್ನ ಕಾಲು, ನನ್ನ ಕಾಲು!”

*

ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲಿ ಗಿಟೊಗೆ ಇಪ್ಪತ್ಮೂರು ವರ್ಷ. ಪೇಟೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಮೇ ತಿಂಗಳ ಹಾಡಿನ ಹಬ್ಬಕ್ಕೆ ಎಂಟು ಚಾಪೆಲ್ಲಿನವರು ಸೇರುತ್ತಾರೆ. ಅವರಿಗೆ ಪ್ರತಿವರ್ಷ ಒಂದು ಸಣ್ಣ ಪುಸ್ತಕ ಅಚ್ಚಾಗುತ್ತಿತ್ತು. ಅದರ ಸ್ವರಗಳೆಲ್ಲ ಅಕ್ಷರದಲ್ಲಿ. ಗೆರೆ ಓದುವವರು ಊರಿಗೆ ಇಬ್ಬರೋ ಮೂವರೋ. ಅಕ್ಷರ ಓದುವವರು ಗಣಿಯ ಅಷ್ಟೂ ಜನ. ಡೋ, ರೇ, ಮೀ, ಫಾ, ಸೋ, ಲಾ, ಟೀ, ಏಳು ಸ್ವರಕ್ಕೆ ಏಳು ಅಕ್ಷರ. ಬೋಳು ಅಕ್ಷರ ಮಾಮೂಲಿ ಸ್ಥಾಯಿಯದು, ತಲೆಯ ಮೇಲೆ ಗೀಟಿದ್ದರೆ ಅದಕ್ಕಿಂತ ಮೇಲಿನದು, ಕಾಲ ಕೆಳಗಿದ್ದರೆ ಇನ್ನೂ ಕೆಳಗಿನದು. ತಲೆಯ ಗೀಟಿಗೆ ಪ್ರೆಸ್ಸಿನಲ್ಲಿ ತಲೆಕಟ್ಟು ಎನ್ನುತ್ತಿದ್ದರು.

ತಲೆಕಟ್ಟಿನ ಡೋ ಮೊಳೆಗಳು ಪ್ರೆಸ್ಸಿನಲ್ಲಿದ್ದದ್ದು ನಲವತ್ತೆಂಟು. ಎರಡು ಮುಕ್ಕಾಗಿದ್ದವು. ಆ ವರ್ಷದ ಹಾಡುಗಳೆಲ್ಲ ಯಾಕೋ ಎತ್ತರದಲ್ಲೇ ಓಡಾಡುತ್ತಿದ್ದವು. ಪುಸ್ತಕದ ಕೊನೆಯ ಪುಟ, ಮಿಸ್ ಪ್ಯಾರಿಯ ಹೊಸ ಧಾಟಿ, ಅದರ ಕೊನೆಯ ಸಾಲಿಗೆ ಬರುವಾಗ ಗಿಟೊನ ಬೆರಳು ಮೊಳೆಯ ಖಾನೆಯೊಳಗೆ ಹೋಗಿ ತಳದ ಮರವನ್ನು ಮುಟ್ಟಿತು. ಮೊಳೆ ಮುಗಿದಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಬರೀ ಡೋ ಒಂದನ್ನು ಆ ಜಾಗದಲ್ಲಿ ನಿಲ್ಲಿಸಿದ. ಮೊದಲ ಪುಟ ಅಚ್ಚಾಗಿ ಮೊಳೆ ಬಿಚ್ಚಿದಾಗ ತಲೆಕಟ್ಟಿನದು ಒಂದನ್ನು ತಂದು ಬದಲಿಸಿದರಾಯಿತು. ಅಷ್ಟರಲ್ಲಿ ಮೇಸ್ತ್ರಿ ಕರೆದ. ಕುರಿ ಹರಾಜಿನ ಜಾಹೀರಾತು, ಈಗಲೇ ಆಗಬೇಕು. ಆಯಿತು. ಸಂಜೆ ಕರಡಚ್ಚು ಬಂತು. ಕಿವಿ ಚೆನ್ನಾಗಿದೆಯೆಂದು ಹಾಡಿನ ಕರಡನ್ನು ತಿದ್ದುವ ಕೆಲಸವನ್ನೂ ಅವನಿಗೇ ಕೊಡುತ್ತಿದ್ದರು. ಲೇಸಾಳ ಕೈಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಮಸಿ ಹತ್ತಿದ ಹೆಬ್ಬೆರಳನ್ನು ಸಾಲಿನ ಮೇಲೆ ಸರಿಸುತ್ತ ಗುನುಗಿಕೊಂಡು ಹೋದ. ಕೊನೆಗೆ ಬಂದಾಗ ಗಂಟಲು ತಾನಾಗಿಯೇ ಮೇಲಿನ ಡೋಗೆ ಹಾರಿತು. ಕಣ್ಣು ಗಂಟಲನ್ನು ನಂಬಿತು. ಕರಡಿನ ಮೂಲೆಯಲ್ಲಿ ‘ಸರಿ’ ಎಂದು ಬರೆದ.

ಹಬ್ಬದ ದಿನ ಚಾಪೆಲ್ಲಿನಲ್ಲಿ ಎಂಟುನೂರು ಜನ. ಲೇಸಾಗೆ ಆಗ ಇಪ್ಪತ್ತೊಂಬತ್ತು. ಲಂಡನ್ನಿನಲ್ಲಿ ಎರಡು ವರ್ಷ ಪಿಯಾನೊ ಕಲಿತು, ತಾಯಿ ಹಾಸಿಗೆ ಹಿಡಿದಾಗ ವಾಪಸು ಬಂದು, ತಾಯಿ ಗುಣವಾದ ಮೇಲೂ ಇಲ್ಲೇ ಉಳಿದಿದ್ದಳು. ಯಾಕೆ ಉಳಿದಳೆಂದು ಊರು ಒಂದು ವರ್ಷ ಮಾತಾಡಿತು. ಕಾರಣ ಸಿಗದೆ ಸುಮ್ಮನಾಯಿತು. ಆ ದಿನ ಅವಳು ಹಿರಿಯರು ಕೂರುವ ದೊಡ್ಡ ಪೀಠದ ಪಕ್ಕ ಪಿಯಾನೊದ ಮುಂದೆ ಕೂತಿದ್ದಳು. ಗಿಟೊ ಮೇಲಂತಸ್ತಿನಲ್ಲಿ, ಎತ್ತರದ ಗಂಡುದನಿಯ ಟೆನರಿನವರ ನಡುವೆ.

ಮೊದಲ ಚರಣದ ಕೊನೆಗೆ ಎಂಟುನೂರು ಜನ ಪುಸ್ತಕ ನೋಡಿಕೊಂಡು ಕೆಳಗಿಳಿದರು. ಪಿಯಾನೊ ಒಂದೇ ಮೇಲಕ್ಕೆ ಹೋಯಿತು.

ಯಾರಿಗೂ ಅದು ಗೊತ್ತಾಗಲಿಲ್ಲ. ಅಷ್ಟು ಜನರ ದನಿಯಲ್ಲಿ ಒಂದು ತಂತಿಯನ್ನು ಯಾರು ಕೇಳುತ್ತಾರೆ? ಗಿಟೊಗೆ ಕೇಳಿಸಿತು. ಕೈಯಲ್ಲಿದ್ದ ಪುಸ್ತಕ ನೋಡಿದ. ಬೋಳು ಡೋ ಅಲ್ಲಿ ನಿಂತಿತ್ತು. ಕೆಳಗೆ ಲೇಸಾಳ ಬೆನ್ನು ಕಾಣುತ್ತಿತ್ತು. ಅವಳು ತಿರುಗಲಿಲ್ಲ. ಎರಡನೆಯ ಚರಣದ ಕೊನೆಗೆ ಅವಳ ಬಲಗೈ ಮೇಲಕ್ಕೆ ಹೋಗಲು ಎದ್ದು, ಗಾಳಿಯಲ್ಲೇ ತಡೆದು, ಕೆಳಗಿನ ಡೋ ಮೇಲೆ ಇಳಿಯಿತು. ಮೂರನೆಯದರಲ್ಲಿ ತಡೆಯಲೂ ಇಲ್ಲ.

ಸೋಮವಾರ ಅವಳು ಪ್ರೆಸ್ಸಿಗೆ ಬಂದಳು. ಮೇಸ್ತ್ರಿ ಅಲ್ಲೇ ಇದ್ದ. ಹಿಂದಿನ ವಾರವಷ್ಟೇ ಒಂದು ಸಾವಿನ ಸುದ್ದಿಯಲ್ಲಿ ಹೆಸರು ತಪ್ಪಿಸಿದವನನ್ನು ಮನೆಗೆ ಕಳಿಸಿದ್ದ. ಗಿಟೊನ ಕೈಯಲ್ಲಿದ್ದ ಮೊಳೆಗಳು ಒದ್ದೆಯಾದವು.

“ಅಚ್ಚು ಚೆನ್ನಾಗಿ ಬಂದಿದೆ,” ಎಂದಳು ಲೇಸಾ. “ಕಾಗದ ಸ್ವಲ್ಪ ತೆಳು. ನನ್ನ ಕೈಪ್ರತಿ ವಾಪಸು ಬೇಕಿತ್ತು.”

ಗಿಟೊ ತಂದುಕೊಟ್ಟ. ಅವಳು ಹಾಳೆಯ ಮೂಲೆಯಲ್ಲಿದ್ದ ಕಪ್ಪು ಹೆಬ್ಬೆರಳಿನ ಗುರುತು ನೋಡಿದಳು, ಅವನ ಕೈ ನೋಡಿದಳು, ಮಡಿಸಿ ಚೀಲದಲ್ಲಿಟ್ಟುಕೊಂಡು ಹೊರಟುಹೋದಳು.

ಐದು ವರ್ಷದ ಮೇಲೆ ಇನ್ನೊಂದು ಸಲ. ಅಷ್ಟು ಹೊತ್ತಿಗೆ ಗಿಟೊ ತಾನೇ ಮೇಸ್ತ್ರಿಯಾಗಿದ್ದ. ಚಾಪೆಲ್ಲಿನಲ್ಲಿ ಹಾಡು ಎತ್ತಿಕೊಡಲು ಅವನನ್ನು ಆರಿಸುವ ಮಾತು ನಡೆಯುತ್ತಿತ್ತು. ಸೇತುವೆಯ ಹತ್ತಿರ ಲೇಸಾ ಎದುರಾದಳು.

“‘ಮೇಲಿನ ಮನೆ’ಯನ್ನ ಚಾಪೆಲ್ಲಿನ ದೊಡ್ಡ ಹಾಡಿನ ಪುಸ್ತಕಕ್ಕೆ ಸೇರಿಸ್ತಾರಂತೆ,” ಎಂದಳು. “ಹಬ್ಬದ ಪುಸ್ತಕದಿಂದಲೇ ತಗೋತಾರಂತೆ. ತಿದ್ದೋದು ಏನಾದ್ರೂ ಇದೆಯಾ ಅಂತ ಕಾಗದ ಬರೆದಿದ್ದಾರೆ.”

ಅವಳು ಕಾದಳು. ಅವಳಿಗೆ ಕಾಯುವುದು ಗೊತ್ತಿತ್ತು. ಹಾಡುವವನು ಉಸಿರು ಎಳೆದುಕೊಳ್ಳುವವರೆಗೆ, ಅವನ ಹೆಗಲು ಏಳುವವರೆಗೆ, ಕೈಗಳನ್ನು ಪಿಯಾನೊದ ಸ್ವರದ ಮಣೆಯ ಮೇಲೆ ಸುಮ್ಮನೆ ಇಟ್ಟುಕೊಂಡು ಕಾಯುವುದೇ ಅವಳ ಕೆಲಸ.

“ಚೆನ್ನಾಗೇ ಇದೆ, ಮಿಸ್ ಪ್ಯಾರಿ,” ಎಂದ ಗಿಟೊ. ತನ್ನ ಬೂಟಿನ ಲಾಡಿ ನೋಡಿಕೊಂಡ.

“ಸರಿ ಹಾಗಾದ್ರೆ,” ಎಂದಳು.

ಆಮೇಲೆ ಮೂವತ್ತೈದು ವರ್ಷ ಅವನು ಹಾಡು ಎತ್ತಿಕೊಟ್ಟ, ಅವಳು ಬಾರಿಸಿದಳು. ವರ್ಷಕ್ಕೆ ಆರೇಳು ಸಲವಾದರೂ ನಾನೂರ ಹನ್ನೆರಡು ಬರುತ್ತಿತ್ತು. ಪ್ರತಿ ಸಲವೂ ಕೊನೆಯ ಸ್ವರಕ್ಕೆ ಮುಂಚೆ ಅವಳು ಕೂದಲೆಳೆಯಷ್ಟು ತಡೆಯುತ್ತಿದ್ದಳು. ಊರಿನವರು ಅದನ್ನು ಭಾವ ಎನ್ನುತ್ತಿದ್ದರು.

*

ಚಾಪೆಲ್ಲಿನಲ್ಲಿ ಪಾದ್ರಿ ಹ್ಯೂಸ್ ಕಾಗದ ನೋಡಿಕೊಂಡು ಮಾತಾಡಿದರು. ಅವರು ಈ ಊರಿಗೆ ಬಂದು ಎರಡೇ ವರ್ಷ. ಮಿಸ್ ಪ್ಯಾರಿ ನಲವತ್ತಾರು ವರ್ಷ ಈ ಚಾಪೆಲ್ಲಿನಲ್ಲಿ ಬಾರಿಸಿದರು. ಮೂವತ್ತೊಂದು ಹಾಡು ಕಟ್ಟಿದರು, ನಾಲ್ಕು ಅಚ್ಚಾದವು. ಒಂದನ್ನು ರೇಡಿಯೊದಲ್ಲಿ ಯಾರೋ ಹಾಡಿದರು, ಆ ದಿನ ಊರಿನಲ್ಲಿ ಕರೆಂಟಿರಲಿಲ್ಲ. ಪಿಯಾನೊ ಇಲ್ಲದ ಮನೆಯ ಮಕ್ಕಳಿಗೆ ರಟ್ಟಿನ ಮೇಲೆ ಸ್ವರದ ಮಣೆ ಬರೆದುಕೊಟ್ಟು ಪಾಠ ಹೇಳಿದರು. ಪ್ರತಿ ಶನಿವಾರ ಎಲ್ಲಾದರೂ ಒಂದು ಹಾಡಿನ ಸ್ಪರ್ಧೆ. ಬೆರಳು ಕತ್ತರಿಸಿದ ಉಣ್ಣೆಯ ಕೈಗವಸು ಹಾಕಿಕೊಂಡು, ಪುದೀನ ಪೆಪ್ಪರ್‌ಮೆಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು.

“ಗೆದ್ದವರ ಹೆಸರು ಪೇಪರಿನಲ್ಲಿ ಬರುತ್ತಿತ್ತು,” ಎಂದರು ಪಾದ್ರಿ. “ಬಾರಿಸಿದವರ ಹೆಸರು ಬರುತ್ತಿರಲಿಲ್ಲ.”

ಹಿಂದಿನ ಸಾಲಿನಲ್ಲಿ ದಪ್ಪ ಟುಮ್ ಪಕ್ಕದವನ ಕಿವಿಗೆ ಹೇಳುತ್ತಿದ್ದದ್ದು ಮೂರು ಸಾಲಿಗೆ ಕೇಳಿಸುತ್ತಿತ್ತು. ಅವನು ಊರಿನ ಬೇಸ್, ಅತಿ ತಗ್ಗಿನ ಗಂಡುದನಿ. ಪಿಸುಗುಟ್ಟುವುದು ಅವನ ಕೈಲಾಗದು. “ನನ್ನ ತಮ್ಮ ಮೂವತ್ನಾಲ್ಕರಲ್ಲಿ ಗೆದ್ದನಲ್ಲ, ಹೆದರಿ ಅರ್ಧ ಸ್ವರ ಕೆಳಗೆ ಶುರು ಮಾಡಿಬಿಟ್ಟ ಮಾರಾಯ. ಮಿಸ್ ಪ್ಯಾರಿ ಒಂದು ಕ್ಷಣದಲ್ಲಿ ಪಿಯಾನೊನೇ ಅರ್ಧ ಸ್ವರ ಕೆಳಗಿಳಿಸಿದ್ರು. ಹಾಗೇ ಹಾಡು ಪೂರ್ತಿ. ತೀರ್ಪುಗಾರನಿಗೂ ಗೊತ್ತಾಗಲಿಲ್ಲ. ತಮ್ಮನಿಗೂ ಗೊತ್ತಿಲ್ಲ, ಇವತ್ತಿಗೂ ತಾನೇ ಗೆದ್ದೆ ಅಂದ್ಕೊಂಡಿದಾನೆ.”

ಗಿಟೊ ದೊಡ್ಡ ಪೀಠದಲ್ಲಿ ಹಿರಿಯರ ಜೊತೆ ಕೂತು ಇದನ್ನೆಲ್ಲ ಕೇಳಿದ. ಒಳಗೆ ಎರಡು ಹಾಡಾದವು. ನೆಸ್ಟಾ ಪಿಯಾನೊ ಬಾರಿಸಿದಳು. ಕೈ ಗಟ್ಟಿ, ಸ್ವಲ್ಪ ಅವಸರ. ‘ಮೇಲಿನ ಮನೆ’ಯನ್ನು ಗುಂಡಿಯ ಬಳಿ ಹಾಡುವುದಕ್ಕೆ ಉಳಿಸಿದ್ದರು.

ಪೆಟ್ಟಿಗೆ ಹೊರಗೆ ಬಂದಾಗ ಹೆಂಗಸರು ಬಾಗಿಲ ಹತ್ತಿರ ನಿಂತರು. ಅಲ್ಲಿಂದ ಮುಂದೆ ಗಂಡಸರು. ಗಿಟೊ ಹ್ಯಾಟು ಹಾಕಿಕೊಳ್ಳುವಾಗ ನೆಸ್ಟಾ ಬಂದು ದಾರಿಗಡ್ಡ ನಿಂತಳು.

“ನಾನು ಬರೋ ಹಾಗಿಲ್ವಂತೆ.”

“ಪೇಪರಿನಲ್ಲೇ ಹಾಕಿದ್ವಲ್ಲಮ್ಮ. ಸಮಾಧಿ ಹತ್ರ ಗಂಡಸರು ಮಾತ್ರ. ಇಲ್ಲಿ ಮೊದಲಿಂದ ಹಾಗೇ.”

“ಸರಿ. ನಿಮ್ಮ ಊಟಕ್ಕೆ ಹ್ಯಾಮ್ ಕೊಯ್ಯೋಕೆ ಲಿವರ್‌ಪೂಲಿನಿಂದ ಬಂದೆ ಅಂದ್ಕೋತೀನಿ.” ಅವಳು ಕೈಚೀಲದಿಂದ ಮಡಿಸಿದ ಹಾಳೆ ತೆಗೆದಳು. “ಒಂದು ಮಾತು ಕೇಳ್ತೀನಿ ಮಿಸ್ಟರ್ ಎಲಿಸ್. ನೀವು ತಿಳಿದವರು. ಇದು ಕರಡಲ್ಲ. ಕರಡನ್ನ ಯಾರಾದ್ರೂ ಮಸಿಯಲ್ಲಿ, ಎರಡು ಲಿಪಿಯಲ್ಲಿ, ಇಷ್ಟು ನೀಟಾಗಿ ಬರೀತಾರಾ?”

ಗಿಟೊ ಹ್ಯಾಟಿನ ಅಂಚು ಸರಿಪಡಿಸಿಕೊಂಡ.

“ಅಜ್ಜ ಮೇಲಿನ ಹೊಲದಲ್ಲಿ ಇರ್ತಿದ್ರಂತೆ. ಅಜ್ಜಿ ಮೇಲಿನ ಮನೆ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯೋರು. ಎರಡೇ ಸ್ವರ. ಸೋ, ಆಮೇಲೆ ಮೇಲಿನ ಡೋ. ನಮ್ಮಪ್ಪ ಲಿವರ್‌ಪೂಲಿನ ಬೀದೀಲೂ ನಮ್ಮನ್ನ ಹಾಗೇ ಕರೀತಿದ್ರು, ನಾಚಿಕೆ ಆಗ್ತಿತ್ತು. ಈ ಹಾಡಿನ ಕೊನೇಲಿರೋದು ಅದೇ. ಬೆಳಿಗ್ಗೆ ಇದನ್ನ ನೋಡೋವರೆಗೂ ನನಗೆ ಹೊಳೆದೇ ಇರಲಿಲ್ಲ.” ಅವಳು ಹಾಳೆಯನ್ನು ಅವನ ಕೈಗೆ ತುರುಕಿದಳು. “ಒಬ್ಬರನ್ನ ಕರೆಯೋವಾಗ ಯಾರಾದ್ರೂ ದನಿ ಕೆಳಗಿಳಿಸ್ತಾರಾ, ಹೇಳಿ?”

ಹಾಳೆಯ ಮೂಲೆಯ ಕಪ್ಪು ಗುರುತು ಕಂದಿಹೋಗಿತ್ತು. ಹೆಬ್ಬೆರಳಿನ ಗೆರೆಗಳು ಮಾತ್ರ ಇನ್ನೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಗಿಟೊ ಅದನ್ನು ಒಳಜೇಬಿಗೆ ಹಾಕಿಕೊಂಡು ಮೆರವಣಿಗೆಯ ಮುಂದಕ್ಕೆ ಹೋದ.

*

ಸ್ಮಶಾನ ಗುಡ್ಡದ ಇಳಿಜಾರಿನಲ್ಲಿತ್ತು. ಹೆಗಲು ಬದಲಿಸುತ್ತ ಏರಿದರು. ಫೆಬ್ರವರಿಯ ಗಾಳಿ. ಎಂಬತ್ತು ತೊಂಬತ್ತು ಗಂಡಸರು ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡು ಗುಂಡಿಯ ಸುತ್ತ ನಿಂತರು. ಗೋಡೆಗೆ ಒರಗಿಸಿದ್ದ ಕಲ್ಲಿಗೆ ವಿಲ್ ಗೋಣಿ ಹೊದಿಸಿದ್ದ. ಗಾಳಿಗೆ ಗೋಣಿಯ ಒಂದು ಅಂಚು ಏಳುತ್ತ ಬೀಳುತ್ತ ಇತ್ತು.

ಪಾದ್ರಿ ಓದಿ ಮುಗಿಸಿದರು. ಪೆಟ್ಟಿಗೆ ಇಳಿಯಿತು. ಗಿಟೊ ಶ್ರುತಿ ಕೊಡುವ ಕವೆಗಡ್ಡಿಯನ್ನು ಮಂಡಿಗೆ ಬಡಿದು ಕಿವಿಗೆ ಹಿಡಿದ.

ಎಲ್ಲರೂ ಉಸಿರು ಎಳೆದುಕೊಂಡರು.

ಅವನು ಕಡ್ಡಿಯನ್ನು ಕೆಳಗಿಳಿಸಿದ. ಎಳೆದುಕೊಂಡ ಉಸಿರು ಅಲ್ಲಲ್ಲೇ ಕೆಮ್ಮಾಗಿ ಹೊರಬಂತು.

“ಒಂದು ವಿಷಯ,” ಎಂದ ಗಿಟೊ. ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ಮತ್ತೆ ಹೇಳಿದ. “ಒಂದು ವಿಷಯ. ಕೊನೇ ಡೋ ಕೆಳಗಿನದಲ್ಲ. ಮೇಲಿನದು.”

“ಯಾವ ಡೋ?” ಎಂದ ಹಿಂದಿನಿಂದ ಒಬ್ಬ.

“ಪ್ರತಿ ಚರಣದ ಕೊನೇದು. ಪುಸ್ತಕದಲ್ಲಿರೋದು ತಪ್ಪು. ಅವರು ಬರೆದದ್ದು ಮೇಲೆ. ಇಪ್ಪತ್ತೆರಡರಲ್ಲಿ ಹಬ್ಬದ ಪುಸ್ತಕಕ್ಕೆ ಮೊಳೆ ಜೋಡಿಸಿದವನು ನಾನು. ತಲೆಕಟ್ಟಿನ ಮೊಳೆ ಮುಗಿದಿತ್ತು. ಬೋಳು ಡೋ ಹಾಕಿ ಆಮೇಲೆ ಬದಲಾಯಿಸೋಣ ಅಂದ್ಕೊಂಡೆ, ಮರೆತೆ. ಕರಡು ನೋಡಿದವನೂ ನಾನೇ. ದೊಡ್ಡ ಪುಸ್ತಕಕ್ಕೆ ಅದೇ ಹೋಯ್ತು.” ಅವನು ನಿಲ್ಲಿಸಿದ. ಇಷ್ಟಕ್ಕೇ ಬಿಡಬಹುದಿತ್ತು. “ತಿದ್ದೋದು ಏನಾದ್ರೂ ಇದೆಯಾ ಅಂತ ಅವರು ಬಂದು ಕೇಳಿದ್ರು. ಇಲ್ಲ ಅಂದೆ. ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.”

ಪಾದ್ರಿ ಹ್ಯೂಸ್ ಕೈಯಲ್ಲಿದ್ದ ಪುಸ್ತಕವನ್ನು, ಅದರಲ್ಲೇ ಉತ್ತರ ಇರುವಂತೆ, ತಿರುವಿಹಾಕತೊಡಗಿದರು. ಮುಂದಿನ ಸಾಲಿನಲ್ಲಿ ನಿಂತಿದ್ದ ಮುದುಕನೊಬ್ಬ, “ಫಾ ಬದಲು ಮೀ ಅಂದಿದ್ದಕ್ಕೆ ನನ್ನ ಹೆಂಡತೀನ ಚಾಪೆಲ್ ಬಿಡಿಸಿದೆಯಲ್ಲೋ,” ಎಂದ. ಜೋರಾಗಿ ಹೇಳಲಿಲ್ಲ.

“ಹೌದು,” ಎಂದ ಗಿಟೊ.

ಆಮೇಲೆ ದಪ್ಪ ಟುಮ್ ಗಂಟಲು ಸರಿಪಡಿಸಿಕೊಂಡ.

“ಬೇಸಿನವರಿಗೆ ಏನಾದ್ರೂ ಬದಲಾವಣೆ ಇದೆಯೇನೋ?”

“ಇಲ್ಲ.”

“ಹಾಗಾದ್ರೆ ಎತ್ತು ಮಾರಾಯ. ಚಳಿ ಆಗ್ತಿದೆ.”

ಗಿಟೊ ಎತ್ತಿಕೊಟ್ಟ. ಮೊದಲ ಚರಣ ಎಂದಿನಂತೆ ಹರಿದು ಕೊನೆಗೆ ಬಂದು ಎರಡಾಗಿ ಒಡೆಯಿತು. ನಲವತ್ತು ವರ್ಷದ ಅಭ್ಯಾಸ ಹೆಚ್ಚಿನವರನ್ನು ಕೆಳಗೆ ಎಳೆದುಕೊಂಡು ಹೋಯಿತು. ಮೇಲೆ ಹೋದವನು ಗಿಟೊ ಒಬ್ಬನೇ; ಅವನ ಅರವತ್ತಮೂರರ ಗಂಟಲು ಅಲ್ಲಿ ಬಿರಿಯಿತು, ದನಿಗಿಂತ ಗಾಳಿ ಜಾಸ್ತಿ ಬಂತು. ಯಾರೋ ಒಬ್ಬ ತಡೆಯಲಾರದೆ ನಕ್ಕ. ಎರಡನೆಯ ಚರಣಕ್ಕೆ ಟೆನರಿನ ಮೂರು ನಾಲ್ಕು ಜನ ಅವನ ಜೊತೆ ಏರಿದರು. ಮೂರನೆಯದಕ್ಕೆ ಇನ್ನಷ್ಟು ಜನ. ಹೆಂಡತಿಯ ಮಾತೆತ್ತಿದ ಮುದುಕ ಕೊನೆಯವರೆಗೂ ಕೆಳಗೇ ಹಾಡಿದ, ಗಿಟೊನ ಮುಖವನ್ನೇ ನೋಡುತ್ತ. ನಾಲ್ಕನೆಯ ಚರಣದ ಕೊನೆಯಲ್ಲಿ ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ. ಹಾಡು ಎರಡು ಕಡೆ ಮುಗಿಯಿತು. ಗಿಟೊ ಯಾರನ್ನೂ ನಿಲ್ಲಿಸಲಿಲ್ಲ.

ಹ್ಯಾಟುಗಳು ತಲೆಗೇರಿದವು. ಗಂಡಸರು ಇಬ್ಬಿಬ್ಬರಾಗಿ ಇಳಿಯತೊಡಗಿದರು. ಕೆಲವರು ಗಿಟೊನ ಹೆಗಲು ತಟ್ಟಿದರು, ಕೆಲವರು ಅವನನ್ನು ಬಳಸಿಕೊಂಡು ಹೋದರು. “ಇನ್ನು ಮೇಲೆ ನಾವು ತಪ್ಪು ಹಾಡಿದ್ರೆ ನೀನು ಬಾಯಿ ಬಿಡೋ ಹಾಗಿಲ್ಲ, ನೆನಪಿರ್ಲಿ,” ಎಂದು ಹೇಳಿ ಟುಮ್ ಹೋದ.

ವಿಲ್ ಉಳಿದಿದ್ದ. ಗೋಡೆಯ ಹತ್ತಿರ ಹೋಗಿ ಗೋಣಿ ಎತ್ತಿ ಬಿಸಾಡಿದ. ಸ್ಲೇಟುಕಲ್ಲು ಒದ್ದೆಯಾಗಿ ನೀಲಿಗಪ್ಪಾಗಿತ್ತು. ಹೆಸರು, ಎರಡು ವರ್ಷಗಳು, ಕೆಳಗೆ ಒಂದು ಸಾಲು ಅಕ್ಷರ. ಕೊನೆಯ ಡೋ ಮೇಲೆ ಬಾರ್ಲಿ ಕಾಳಿನಷ್ಟು ಬರಿಯ ಕಲ್ಲು.

“ಎರಡು ಸಲ ಬಂದು ನೋಡ್ಕೊಂಡು ಹೋದ್ರು,” ಎಂದ ವಿಲ್. “ನಾನು ವಯಸ್ಸಾಯ್ತು ಅಂದ್ಕೊಂಡೆ.”

ಅವನು ಕೋಟಿನ ಜೇಬಿನಿಂದ ಸಣ್ಣ ಉಳಿಯನ್ನೂ ಕೈಸುತ್ತಿಗೆಯನ್ನೂ ತೆಗೆದ. ಮದುವೆಗೂ ಸಾವಿಗೂ ಅವು ಅವನ ಜೇಬಿನಲ್ಲೇ ಇರುತ್ತಿದ್ದವು.

“ನೀನೇ ಹೊಡಿ,” ಎಂದ ಗಿಟೊ. “ನನಗೆ ಬರಲ್ಲ.”

“ನನಗೆ ಅವರು ಜಾಗ ಬಿಡೋಕೆ ಹೇಳಿದ್ರು. ಬಿಟ್ಟಿದೀನಿ. ನನ್ನ ಕೆಲಸ ಮುಗೀತು.” ವಿಲ್ ಉಳಿ ಸುತ್ತಿಗೆಗಳನ್ನು ಅವನ ಕೈಯಲ್ಲಿಟ್ಟು ಬೆರಳುಗಳನ್ನು ಸರಿಯಾಗಿ ಕೂರಿಸಿದ. “ಗಟ್ಟಿಯಾಗಿ ಹಿಡೀಬೇಡ. ಓರೆಯಾಗಿ ಇಡು. ಒಂದೇ ಏಟು. ಎರಡನೇದು ಹೊಡೆದ್ಯೋ, ಚಕ್ಕೆ ಎದ್ದು ಡೋನೂ ಹೋಗತ್ತೆ.”

ಗಿಟೊ ಒದ್ದೆ ಹುಲ್ಲಿನಲ್ಲಿ ಮಂಡಿಯೂರಿದ. ಉಳಿಯ ತುದಿಯನ್ನು ಬರಿಯ ಜಾಗದ ಮೇಲೆ ಇಟ್ಟ, ತೆಗೆದ, ಮತ್ತೆ ಇಟ್ಟ. ಕೆಳಗೆ ಚಾಪೆಲ್ಲಿನ ಹಿಂಬಾಗಿಲು ತೆರೆದುಕೊಂಡು ಬಟ್ಟಲುಗಳ ಸದ್ದು ಕೇಳಿಸಿತು. ಅವನ ಹೆಗಲು ಎದ್ದಿತು.

ಸದ್ದು ಸಣ್ಣದು. ಮರದ ಖಾನೆಗೆ ಒಂದು ಮೊಳೆ ಬಿದ್ದಷ್ಟು.

ವಿಲ್ ಬಗ್ಗಿ ಪುಡಿಯನ್ನು ಊದಿದ.

“ವಾಲಿದೆ,” ಎಂದ.

“ಹೌದು.”

“ನೆಟ್ಟಗೆ ಮಾಡ್ಲಾ?”

“ಬೇಡ.”

ವಿಲ್ ಉಳಿ ಸುತ್ತಿಗೆಗಳನ್ನು ಜೇಬಿಗೆ ಹಾಕಿಕೊಂಡ, ಇಬ್ಬರೂ ಹೊರಟರು. ಆ ಸಾಲಿನ ಉಳಿದ ಅಕ್ಷರಗಳು ವಿಲ್‌ನ ಅಂಗಳದಲ್ಲಿ ಐದು ತಿಂಗಳ ಗಾಳಿ ಮಳೆಗೆ ಕಲ್ಲಿನ ಬಣ್ಣಕ್ಕೇ ತಿರುಗಿದ್ದವು. ಕೊನೆಯ ಡೋ ಮೇಲಿನ ಗೀಟು ಮಾತ್ರ, ಸ್ವಲ್ಪ ಉದ್ದವಾಗಿ, ಬಲಕ್ಕೆ ಬಾಗಿ, ಹಸಿ ಬಿಳುಪಿನಲ್ಲಿ, ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದಾಗಲೂ ಕಾಣುತ್ತಿತ್ತು.